ನೋಯದ ಚುಕ್ಕೆ

ಬಲಗೈಯ ತೋರುಬೆರಳಿನ ತುದಿಯಲ್ಲಿ ಸಾಸಿವೆಗಿಂತ ಸಣ್ಣದೊಂದು ಚುಕ್ಕೆ. ರಕ್ತವಿಲ್ಲ, ನೋವಿಲ್ಲ. ಇರುವೆ ಕಚ್ಚಿದ್ದರೂ ಇದಕ್ಕಿಂತ ಹೆಚ್ಚು ಕೆಂಪಾಗುತ್ತಿತ್ತು. ಅವಳು ಕಳಚಿದ ಕೈಗವಸನ್ನು ಬೆಳಕಿಗೆ ಹಿಡಿದಳು. ಅದೇ ಜಾಗದಲ್ಲಿ ಸೂಜಿಮೊನೆಯಷ್ಟು ತೂತು ಕಂಡಿತು.

ಕಾರ್ಖಾನೆಯ ಎಣ್ಣೆ ಪಂಪನ್ನು ನಿಲ್ಲಿಸಿ, ಯಾರೂ ಮತ್ತೆ ಚಾಲೂ ಮಾಡದಂತೆ ಸ್ವಿಚ್ಚಿಗೆ ತನ್ನ ಬೀಗ ಹಾಕಿ, ಒತ್ತಡದ ಮುಳ್ಳು ಸೊನ್ನೆಗೆ ಇಳಿಯುವವರೆಗೂ ಕಾದು ನಿಂತಿದ್ದಳು. ಎಲ್ಲವನ್ನೂ ಕ್ರಮವಾಗಿಯೇ ಮಾಡಿದ್ದಳು, ಒಂದು ನಿಮಿಷ ತಡವಾಗಿ. ಅದಕ್ಕೆ ಮೊದಲು ಪೈಪಿನ ಜೋಡಣೆಯ ಹತ್ತಿರ ತೆಳ್ಳಗೆ ಮಂಜಿನಂಥದ್ದು ಕಂಡಿತ್ತು, ಕೆಳಗೆ ಎಣ್ಣೆಯ ಪಸೆ. ಕೈ ತಾನಾಗಿಯೇ ಮುಂದೆ ಹೋಗಿ ಒರೆಸಿಬಿಟ್ಟಿತ್ತು. ಮೂವತ್ತು ವರ್ಷ ಒಲೆಕಟ್ಟೆ, ಮಕ್ಕಳ ಮೂತಿ, ಈಗ ಹಾಸಿಗೆ ಹಿಡಿದ ಅತ್ತೆಯ ಗಲ್ಲ ಒರೆಸುತ್ತಿರುವ ಕೈ. ಪಸೆ ಕಂಡರೆ ಅದು ಯಾರ ಅಪ್ಪಣೆಗೂ ಕಾಯುವುದಿಲ್ಲ.

ಕಾರಿನ ಚಕ್ರದಲ್ಲಿರುವ ಒತ್ತಡದ ನೂರು ಪಟ್ಟು ಆ ಪೈಪಿನೊಳಗಿತ್ತು. ಅಲ್ಲಿಂದ ಚಿಮ್ಮುವ ಎಣ್ಣೆಯ ಎಳೆ ಕಣ್ಣಿಗೆ ಬೀಳುವುದಿಲ್ಲ, ಕೈಗವಸನ್ನೂ ಚರ್ಮವನ್ನೂ ಅದು ಸೂಜಿಯಂತೆ ತೂರಿಬಿಡುತ್ತದೆ. ಸೋರಿಕೆ ಹುಡುಕಬೇಕಾದರೆ ದೂರ ನಿಂತು, ಕೋಲಿಗೆ ಕಟ್ಟಿದ ರಟ್ಟಿನ ತುಂಡನ್ನು ಚಾಚಬೇಕು. ಹೊಸಬರಿಗೆಲ್ಲ ಇದನ್ನು ಹೇಳಿಕೊಡುವವಳೇ ಅವಳು. ಅದಕ್ಕೇ ಇಡೀ ಕಾರ್ಖಾನೆಗೆ ಅವಳು ‘ಟೀಚರಮ್ಮ’. ಹೋದ ವಾರ ಪೈಪು ಜೋಡಿಸುವ ಫಿಟ್ಟರು ಬರಿಗೈ ಚಾಚಿದ್ದಕ್ಕೆ ಎಲ್ಲರೆದುರು ನಿಲ್ಲಿಸಿ ನೀರಿಳಿಸಿದ್ದಳು.

ಈಗ ಯಾವ ಬಾಯಲ್ಲಿ ಹೇಳುವುದು?

ಅವಳಿಗೆ ಕೆಲಸ ಕಲಿಸಿದ ಮೇಸ್ತ್ರಿಗೆ ಬಲಗೈಯಲ್ಲಿ ಎರಡೇ ಬೆರಳಿದ್ದವು. “ನೋವಿಲ್ವಲ್ಲ ಅಂತ ಮನೆಗೆ ಹೋಗಿ ಮಲಗಿಬಿಟ್ಟೆ ಕಣಮ್ಮ. ಬೆಳಗ್ಗೆ ಎದ್ದು ನೋಡಿದ್ರೆ ಕೈ ಬದನೆಕಾಯಿ ಆಗಿತ್ತು,” ಎನ್ನುತ್ತಿದ್ದರು. ಒಳಹೊಕ್ಕ ಎಣ್ಣೆ ಸದ್ದಿಲ್ಲದೆ ಅಂಗೈವರೆಗೂ ಹರಿದು ಮಾಂಸವನ್ನು ಸಾಯಿಸುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಆದರೂ ಆ ಕ್ಷಣಕ್ಕೆ ವೈದ್ಯರ ಕತ್ತಿಗಿಂತ ಕ್ಯಾಂಟೀನಿನ ನಗುವೇ ಹೆಚ್ಚು ಹೆದರಿಸಿತು. ಬರೀ ಗೀರಿರಬಹುದು. ಸಂಜೆಯವರೆಗೆ ನೋಡೋಣ. ಚುಕ್ಕೆಯ ಮೇಲೆ ಹೆಬ್ಬೆರಳನ್ನು ಮುಚ್ಚಿಟ್ಟುಕೊಂಡಳು.

ಫಿಟ್ಟರು ಎರಡು ಲೋಟ ಟೀ ಹಿಡಿದು ಬಂದ. “ಏನ್ ಟೀಚರಮ್ಮ, ಪಂಪಿಗೆ ರಜಾ ಕೊಟ್ಟುಬಿಟ್ರಾ?”

“ಜೋಡಣೆ ಸೋರ್ತಿದೆ.”

“ರಟ್ಟು ಹಿಡಿದು ನೋಡಿದ್ರಾ, ಇಲ್ಲಾ ನನ್ನ ಥರ ದಡ್ಡರ ವಿದ್ಯೆನಾ?” ತನ್ನ ಮಾತಿಗೆ ತಾನೇ ನಕ್ಕ.

ಅವಳು ಲೋಟ ತೆಗೆದುಕೊಂಡಳು. ಸ್ಟೀಲಿನ ಲೋಟ, ಕುದಿಯುವ ಟೀ. ಉಳಿದ ಬೆರಳುಗಳು ಚುರುಕ್ಕೆಂದವು. ತೋರುಬೆರಳು ಮಾತ್ರ ಸುಮ್ಮನಿತ್ತು. ಅದನ್ನು ಲೋಟಕ್ಕೆ ಒತ್ತಿದಳು. ಇನ್ನೂ ಒತ್ತಿದಳು. ಬೇರೆ ಯಾರದೋ ಬೆರಳನ್ನು ತನ್ನ ಕೈಗೆ ಅಂಟಿಸಿದ ಹಾಗಿತ್ತು. ಬುಡದಲ್ಲಿ, ಬಿಗಿ ಉಂಗುರ ತೊಡಿಸಿದಂತೆ, ಬಾವು ಶುರುವಾಗಿತ್ತು. ನಾಳೆ ಬೆಳಗ್ಗೆ ಅತ್ತೆಗೆ ಜಡೆ ಹಾಕಬೇಕು, ಮುದುಕಿ ಬೇರೆಯವರ ಕೈಗೆ ತಲೆ ಕೊಡುವುದಿಲ್ಲ ಎಂಬ ಯೋಚನೆ ಎಲ್ಲಿಂದಲೋ ಬಂತು. ಲೋಟ ಜಾರಿ ನೆಲಕ್ಕೆ ಬಿತ್ತು.

“ಕೈ ಹಾಕಿಬಿಟ್ಟೆ ಕಣಪ್ಪ,” ಎಂದಳು.

ಅವನ ಮುಖದಿಂದ ನಗು ಮಾಯವಾಯಿತು. “ತೋರ್ಸಿ. ಅಯ್ಯೋ, ಯಾವಾಗಕ್ಕ?” ಟೀಚರಮ್ಮ ಅಕ್ಕನಾದದ್ದು ಅವಳನ್ನು ಇನ್ನಷ್ಟು ಹೆದರಿಸಿತು. ಅವನು ಆಗಲೇ ವ್ಯಾನಿನತ್ತ ಓಡುತ್ತಿದ್ದ.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನವನು. ಬೆರಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. “ಏನೋ ಚುಚ್ಚಿದೆ ಅಷ್ಟೇ. ಮುಲಾಮು ಬರ್ಕೊಡ್ತೀನಿ. ಊತ ಜಾಸ್ತಿಯಾದ್ರೆ ನಾಳೆ ಬನ್ನಿ.”

ಎಂಥ ಹಿತವಾದ ಮಾತು! ಸರಿ ಡಾಕ್ಟ್ರೇ ಎಂದು ಎದ್ದುಬಿಡಬಹುದು. ಯಾರಿಗೂ ತೊಂದರೆ ಕೊಡಬಾರದು ಎಂದೇ ಬಾಳಿದ ಅವಳು ಕುರ್ಚಿಯಿಂದ ಅರ್ಧ ಎದ್ದೂ ಆಗಿತ್ತು. ಆದರೆ ‘ನಾಳೆ’ ಎಂಬ ಮಾತು ಮೇಸ್ತ್ರಿಯ ಎರಡು ಬೆರಳಾಗಿ ಕಣ್ಣೆದುರು ನಿಂತಿತು. ಮತ್ತೆ ಕುಳಿತಳು.

“ಇಲ್ಲ ಡಾಕ್ಟ್ರೇ. ನಾಳೆ ಅಂದ್ರೆ ಕೈ ಇರಲ್ಲ. ಒಳಗೆ ಎಣ್ಣೆ ಹೋಗಿದೆ. ಕೊಯ್ದು ತೆಗೀಬೇಕು, ಈಗಲೇ.”

ಡಾಕ್ಟರು ಹುಬ್ಬೇರಿಸಿದ. ಅಷ್ಟರಲ್ಲಿ ಫಿಟ್ಟರು ಜೇಬಿನಿಂದ ಮಡಿಕೆ ಬಿದ್ದ ಹಳದಿ ಕಾರ್ಡೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಇಂಥ ಗಾಯಕ್ಕೆ ಏನು ಮಾಡಬೇಕೆಂದು ಡಾಕ್ಟರುಗಳಿಗಾಗಿ ಅಚ್ಚು ಹಾಕಿಸಿದ ಕಾರ್ಡು. ಅವಳೇ ಎಲ್ಲರಿಗೂ ಹಂಚಿದ್ದು. “ಇದೇನು ಮದುವೆ ಕಾಗದನಾ, ಜೇಬಲ್ಲಿಟ್ಕೊಂಡು ತಿರುಗೋಕೆ?” ಎಂದು ಅಂದು ಗೇಲಿ ಮಾಡಿದ್ದವನು ಇವನೇ.

ಡಾಕ್ಟರು ಓದಿದ. ಎರಡನೇ ಸಲ ಓದುವಾಗ ನಿಂತುಕೊಂಡಿದ್ದ. “ಎಷ್ಟು ಹೊತ್ತಾಯ್ತು?”

“ಒಂದೂವರೆ ಗಂಟೆ.”

ಆಮೇಲೆ ಎಲ್ಲವೂ ಓಟದಲ್ಲೇ ನಡೆಯಿತು. ಫೋನು, ಎಕ್ಸ್‌ರೇ, ತಳ್ಳುಗಾಡಿ. “ಬೆರಳು ಉಳಿಯುತ್ತಾ?” ಎಂದು ಶಸ್ತ್ರಚಿಕಿತ್ಸೆಯ ದೊಡ್ಡ ಡಾಕ್ಟರನ್ನು ಕೇಳಿದಳು.

“ತೆರೆದು ನೋಡ್ದೆ ಹೇಳೋಕಾಗಲ್ಲಮ್ಮ,” ಎಂದರು ಅವರು. ಸುಳ್ಳು ಸಮಾಧಾನ ಹೇಳಲಿಲ್ಲ.

ಫಿಟ್ಟರು ಗಾಡಿಯ ಪಕ್ಕದಲ್ಲೇ ನಡೆದು ಬಂದ. ಬಾಗಿಲ ಬಳಿ ಬಗ್ಗಿ, ಮೆಲ್ಲಗೆ, “ಅಕ್ಕ, ಕಾರ್ಖಾನೆ ರಿಜಿಸ್ಟರಲ್ಲಿ ಕಾಲು ಜಾರಿ ಕೈ ತಗುಲಿತು ಅಂತ ಬರೀಲಾ? ಯಾರಿಗೂ ಗೊತ್ತಾಗಲ್ಲ,” ಎಂದ.

ಅವಳು ಅವನನ್ನು ನೋಡಿದಳು. ಎಷ್ಟು ಒಳ್ಳೆಯವನು! ಎಷ್ಟು ಸುಲಭ!

“ಬೇಡ. ಟೀಚರಮ್ಮ ಕೈಯಲ್ಲಿ ಒರೆಸಿದಳು ಅಂತ ಬರಿ. ನಿಂಗೆ ಎಷ್ಟು ಜೋರಾಗಿ ಬೈದೆನೋ, ಅಷ್ಟೇ ದಪ್ಪ ಅಕ್ಷರದಲ್ಲಿ ಬರಿ.”

ಬಾಗಿಲು ಮುಚ್ಚಿತು. ದೀಪಗಳ ಕೆಳಗೆ ಮಲಗಿದಾಗ ಬೆರಳು ಮೊದಲ ಬಾರಿಗೆ ಮಿಡಿಯಿತು. ನೋವು ಮಣಿಕಟ್ಟಿನವರೆಗೂ ಹತ್ತಿ ಬಂತು. ಹಲ್ಲು ಕಚ್ಚಿ ಅದನ್ನು ಹಿಡಿದುಕೊಂಡಳು. ಸದ್ಯ, ಅದು ಇನ್ನೂ ತನ್ನ ಕೈಯೇ.