ಗಿಬೋಶಿಯ ನೀಲಿ

ಯಾಮಗಾತಾದ ನಮ್ಮ ಮನೆಯ ಬಡಗಣ ಪಕ್ಕಕ್ಕೆ ಬಿಸಿಲೇ ಬೀಳುವುದಿಲ್ಲ. ಅಲ್ಲಿನ ದೇವದಾರುವಿನ ನೆರಳಲ್ಲಿ ಗಿಬೋಶಿ ಗಿಡ ನೆಟ್ಟು ವರ್ಷಗಟ್ಟಲೆ ಕಾದೆ. ಈಗ ಒಂದೊಂದು ಎಲೆಯೂ ಊಟದ ತಟ್ಟೆಗಿಂತ ಅಗಲ, ಬಣ್ಣ ದೂರದ ಬೆಟ್ಟದ ನೀಲಿ.

ಅತ್ತೆ ಹತ್ಸುಯೆಗೆ ಮಾತ್ರ ಅದು ಬರೀ ಸೊಪ್ಪು. ಗಿಬೋಶಿಯ ಎಳೆ ಚಿಗುರನ್ನು ನಮ್ಮ ಕಡೆ ಬೇಯಿಸಿ, ಹುಳಿಸಿದ ಸೋಯಾ ಕಾಳಿನ ಮಿಸೊ ಹಚ್ಚಿ ತಿನ್ನುತ್ತಾರೆ. "ತಿನ್ನೋ ಸೊಪ್ಪಿಗೆ ಪೂಜೆ ಮಾಡೋ ಸೊಸೆ ನನಗೇ ಸಿಗಬೇಕಿತ್ತಾ!" ಎಂದು ಪ್ರತಿ ವಸಂತದಲ್ಲೂ ಚುಚ್ಚುತ್ತಿದ್ದರು.

ಇದರ ಸಸಿ ಕೊಟ್ಟವರು ಪಕ್ಕದೂರಿನ ಇಗರಾಶಿ ಅಜ್ಜ. ಅವರ ತಾಯಿಗಿಡ ಕಳೆದ ಚಳಿಗಾಲ ಬುಡ ಕೊಳೆತು ಸತ್ತುಹೋಯಿತು. "ಒಂದ್ಸಲ ಬಂದು ಆ ನೀಲಿ ನೋಡಿ ಹೋಗ್ತೀನಿ ಕಣಮ್ಮ," ಎಂದು ಫೋನಿನಲ್ಲಿ ಅಂಗಲಾಚಿದ್ದರು.

ಅವರು ಬರುವ ದಿನ ಬೆಳಿಗ್ಗೆ ನಾನು ಸಿಹಿ ತರಲು ಹೋಗಿ ಬರುವಷ್ಟರಲ್ಲಿ ಅತ್ತೆ ಒದ್ದೆ ಬಟ್ಟೆ ಹಿಡಿದು ಗಿಡದ ಮುಂದೆ ಕೂತಿದ್ದರು. ಎಲೆಗಳೆಲ್ಲ ಪಳಪಳ ಹಸಿರು.

"ಅತ್ತೆ! ಏನ್ ಮಾಡಿದ್ರಿ?"

"ಚೀನಾದಿಂದ ಗಾಳೀಲಿ ಬರುತ್ತಲ್ಲ, ಆ ಧೂಳು ಕಣೇ ಕನಾಯೆ. ಬಂದೋರು ಏನಂದ್ಕೋತಾರೆ? ಒರೆಸಿದೆ."

"ಅದು ಧೂಳಲ್ಲ! ಎಲೆಯದೇ ಮೇಣದ ಪುಡಿ, ಅದರಿಂದಲೇ ಎಲೆ ನೀಲಿ! ಉಜ್ಜಿದ್ರೆ ಹೋಯ್ತು, ಈ ಎಲೆಗೆ ಮತ್ತೆ ಬರಲ್ಲ!"

ಸಿಟ್ಟಿನಲ್ಲಿ ಬಟ್ಟೆ ಕಿತ್ತುಕೊಂಡೆ. ಬಿಡಿಸಿ ನೋಡಿದರೆ ಅದರಲ್ಲಿ ನೀಲಿಯ ಗುರುತೇ ಇಲ್ಲ, ಬರೀ ಬಿಳಿಚಿದ ಮೇಣ. ಅಷ್ಟೊಂದು ಬಣ್ಣ ಎಲ್ಲಿಗೆ ಹೋಯಿತು?

ಅಷ್ಟರಲ್ಲಿ ಅಜ್ಜ ಬಂದೇಬಿಟ್ಟರು. ತಲೆ ತಗ್ಗಿಸಿ ಎಲ್ಲ ಹೇಳಿದೆ. ಅತ್ತೆ ಮುಖ ಸಣ್ಣಗೆ ಮಾಡಿಕೊಂಡು ಸೊಂಟ ಬಾಗಿಸಿ ಕ್ಷಮೆ ಕೇಳಿದರು. ಅಜ್ಜ ಮೊಣಕಾಲೂರಿ ಎಲೆಗಳ ಸಂದಿಯಲ್ಲಿ ಇಣುಕಿದರು. ಅತ್ತೆಯ ಕೈಗೆ ಎಟುಕದ ನಟ್ಟನಡುವೆ, ಆಗತಾನೆ ಸುರುಳಿ ಬಿಚ್ಚುತ್ತಿದ್ದ ಒಂದೇ ಒಂದು ಎಲೆ ಉಳಿದಿತ್ತು.

ಆ ಹಸಿರಿನ ಮಧ್ಯೆ ಅದೆಂಥ ನೀಲಿ! ದಿನಾ ನೋಡುತ್ತಿದ್ದ ನಾನೇ ಅದನ್ನು ಮೊದಲ ಸಲ ನೋಡಿದಂತಾಯಿತು.

"ಇದೇ... ನಮ್ಮದೇ ನೀಲಿ," ಎಂದ ಅಜ್ಜ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. "ಬದುಕಿದೆ. ಬನ್ನಿ ಅಮ್ಮ, ನೀವೂ ನೋಡಿ."

ಅತ್ತೆ ಪಕ್ಕದಲ್ಲಿ ಕುಕ್ಕರಿಸಿದರು.

"ಅಯ್ಯೋ ಕನಾಯೆ," ಎಂದು ಪಿಸುಗುಟ್ಟಿದರು, "ಉಸಿರು ತಾಕಿದ್ರೂ ಹೋಗುತ್ತೇನೇ?"

ನಾನು ಉತ್ತರಿಸುವ ಮೊದಲೇ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಾಯಿ ಬಿಗಿಹಿಡಿದು ಕೂತರು. ಒಳಗೆ ಚಹಾ ಆರಿ ತಣ್ಣಗಾದರೂ ಏಳಲಿಲ್ಲ.