ಸೋಬಾನೆ ಕ್ಯಾಸೆಟ್ಟಿನ ವೀಳ್ಯ

ಮಾಘ ಹುಟ್ಟಿ ವಾರವಾದರೂ ಬೆಳಗೋಡಿನ ಗದ್ದೆಬಯಲಿನ ಮಂಜು ಬಿಸಿಲೇರುವ ತನಕ ಕದಲುತ್ತಿರಲಿಲ್ಲ. ಮಾರಮ್ಮನ ಕಣದಲ್ಲಿ ರೊಬಸ್ಟಾ ಹಣ್ಣು ಹರವಿತ್ತು. ಅಡಿಯದು ಬೆವರಿ ಬೂಷ್ಟು ಹಿಡಿಯದಂತೆ ಆಗಾಗ ಕೆದಕಬೇಕು. ಮಾರಮ್ಮ ಒಂದು ತುದಿಯಿಂದಲೂ ಮೊಮ್ಮಗಳು ನವ್ಯಶ್ರೀ ಇನ್ನೊಂದು ತುದಿಯಿಂದಲೂ ಗೋರೆ ಎಳೆಯುತ್ತ ಬರುತ್ತಿದ್ದರು. ಭಾನುವಾರದೊಳಗೆ ಕಾಫಿ ಒಣಗಿಸಿ ಕಣ ಖಾಲಿ ಮಾಡಬೇಕಿತ್ತು. ಅಲ್ಲೇ ನವ್ಯಶ್ರೀಯ ಮದುವೆಯ ಚಪ್ಪರ ಏಳುವುದಿತ್ತು.

ಮೈಕ್‌ಸೆಟ್ಟಿನ ಗುಂಡಯ್ಯ ಜಗುಲಿಯ ಮೇಲೆ ತನ್ನ ಕರಿಯ ಸ್ಪೀಕರ್ ಪೆಟ್ಟಿಗೆ ಇಟ್ಟು ವೈರು ಬಿಡಿಸುತ್ತಿದ್ದ. ಮೊದಲು ಹಾನುಬಾಳಿನಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದವನು ಅವನು. ಪಕ್ಕದ ಮನೆಯ ವಸಂತ, ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ರಜೆಯೆಂದು ಬಂದು ಫೋನು ನೋಡುತ್ತ ಕುಳಿತಿದ್ದ.

"ನೋಡ್ರಿ ಗುಂಡಯ್ಯಣ್ಣ, ಜನ್ರನ್ನೇ ಬದಲಾಯಿಸಿದ ಆಲ್ಬಂಗಳು ಅಂತ ಯಾರೋ ಹತ್ತು ಹೆಸರು ಹೇಳವ್ರೆ. ನಮ್ ಸೀಮೇದು ಒಂದೂ ಇಲ್ಲ."

"ಅವ್ರು ಯಾವತ್ತಾದ್ರೂ ಹಾನುಬಾಳಿಗೆ ಬಂದಿದ್ರೇನೋ?"

"ನನ್ ಕೇಳಿದ್ರೆ ದೇವಸ್ಥಾನದ ಭಕ್ತಿಗೀತೆ ಕ್ಯಾಸೆಟ್ಟೇ ದೊಡ್ಡದು. ಅದು ಬಂದ್ಮೇಲೆ ಊರಿಗೂರೇ ಕೋಳಿಗಿಂತ ಮುಂಚೆ ಏಳಂಗಾಯ್ತು."

"ಎದ್ದು ಏನ್ ಮಾಡಿದ್ರು? ಪೂಜಾರಿನ ಬಯ್ಕೊಂಡು ಮತ್ತೆ ಮಲಗಿದ್ರು ಕಣೋ."

ನವ್ಯಶ್ರೀ ಗೋರೆ ನಿಲ್ಲಿಸಿದಳು. "ಜೀಪ್‌ನೋರು ಹಾಕ್ತಿದ್ರಂತಲ್ಲ, ಆ ಡಿಸ್ಕೋ ಕ್ಯಾಸೆಟ್ಟು? ಅದು ಕೇಳಕ್ಕೇ ಹೆಂಗಸ್ರು ಜೀಪ್ ಹತ್ತೋರಂತೆ."

"ಹತ್ತಿದ್ದು ಬಸ್ ಇರ್ಲಿಲ್ಲ ಅಂತ ಕಣವ್ವ." ಗುಂಡಯ್ಯ ಹಳೆಯ ಕ್ಯಾಸೆಟ್ಟಿನ ಹಾಡು ತುಂಬಿದ್ದ ಪೆನ್‌ಡ್ರೈವ್ ಎತ್ತಿ ತೋರಿಸಿದ. "ನಂದು ಐತಲ್ಲ, 'ಗುಡ್ಡದೂರ ಸೋಬಾನೆ', ಅದ್ರ ಮುಂದೆ ಎಲ್ಲ ಸೊನ್ನೆ. ಮೊದ್ಲು ಒಂದೊಂದೂರಿಗೆ ಒಂದೊಂದು ಧಾಟಿ. ಈಗ ಆಲೂರಿಂದ ದೋಣಿಗಲ್‌ವರೆಗೂ ಎಲ್ಲಿ ಹಸೆ ಹಾಕಿದ್ರೂ ನನ್ ಕ್ಯಾಸೆಟ್ಟಿನ ಧಾಟೀನೇ. ಹಾಡೋರನ್ನ ಕರೆಯೋ ಗೋಜೇ ಇಲ್ಲ."

"ಗುಂಡಯ್ಯ ಹೇಳೋದು ಸರಿ," ಎಂದಳು ಮಾರಮ್ಮ ತಲೆಯೆತ್ತದೆ. "ಅದ್ರಷ್ಟು ಕೆಲ್ಸ ಬೇರೆ ಯಾವ್ದೂ ಮಾಡಿಲ್ಲ. ಎಲ್ರ ಬಾಯೂ ಕಟ್ಟಿಬುಡ್ತು."

ವಸಂತ ನಕ್ಕ. ಮಾರಮ್ಮ ನಗಲಿಲ್ಲ.

ಆ ಕ್ಯಾಸೆಟ್ಟಿಗೆ ಹಾಡಿದ್ದು ಮೂವರು. ಪದ ಹೇಳುವವಳು ಭೂತಮ್ಮ. ಅವಳ ಪ್ರತಿ ಸಾಲಿನ ಹಿಂದೆಯೂ ಪಲ್ಲವಿಯಂತೆ ಸೊಲ್ಲು ಹಿಡಿಯುವವರು ಇಂದ್ರಮ್ಮ ಮತ್ತು ಮಾರಮ್ಮ. ಆಮೇಲೆ ಮೂವರಿಗೂ ಪದ ಬರಲಿಲ್ಲ. ಧಾಟಿ ತಲೆಯಲ್ಲಿ ತಿರುಗುತ್ತಿತ್ತು, ಬಾಯಿ ತೆರೆದರೆ ಬರಿಯ ಉಸಿರು. ಇಂದ್ರಮ್ಮ ಹಾಗೇ ಹೋದಳು. ಭೂತಮ್ಮ ಸಾಯುವ ತನಕ ಹಾಸಿಗೆಯಲ್ಲಿ ತುಟಿ ಆಡಿಸುತ್ತಲೇ ಇದ್ದಳು. ಹತ್ತಿರ ಕಿವಿಯಿಟ್ಟವರಿಗೂ ಏನೂ ಕೇಳಿಸಲಿಲ್ಲ. ತಾಯಿಯಿಲ್ಲದ ನವ್ಯಶ್ರೀಯನ್ನು ಸಾಕಿದ ಮಾರಮ್ಮನಿಗೆ ಇದ್ದದ್ದು ಒಂದೇ ಆಸೆ, ಹುಡುಗಿಯ ಹಸೆಗೆ ತಾನೇ ಹಾಡಬೇಕು. ತಿಂಗಳಿಂದ ಹಟ್ಟಿಯಲ್ಲಿ ಒಬ್ಬಳೇ ಕೂತು ಬಾಯಿ ತೆರೆದು ನೋಡುತ್ತಿದ್ದಳು. ದನ ತಿರುಗಿ ನೋಡುತ್ತಿದ್ದವು, ಅಷ್ಟೇ.

"ನೀನು ವೀಳ್ಯ ಇಡ್ಲಿಲ್ಲ," ಎಂದಳು ಗುಂಡಯ್ಯನಿಗೆ.

"ಇದೊಂದು ಶುರುವಾಯ್ತು. ಒಬ್ಬೊಬ್ರಿಗೂ ಸೀರೆ ಕೊಡ್ಲಿಲ್ವ ಮಾರಕ್ಕ?"

"ಸೀರೆ ಮೈಗೆ. ವೀಳ್ಯ ಪದಕ್ಕೆ."

ಆ ಕಡೆಯ ಪದ್ಧತಿ ಹಾಗಿತ್ತು. ಪದ ಹೇಳುವವಳು ಮೊದಲ ಸಾಲು ಹೇಳಿ ನಿಲ್ಲುತ್ತಾಳೆ. ಕರೆದ ಮನೆಯವರು ಒಬ್ಬೊಬ್ಬರ ಮುಂದೂ ಎಲೆ ಅಡಿಕೆ ಇಡಬೇಕು. ಅದನ್ನು ಕಣ್ಣಿಗೊತ್ತಿಕೊಂಡ ಮೇಲೇ ಎರಡನೆಯ ಸಾಲು. ವೀಳ್ಯವಿಲ್ಲದೆ ಹಾಡಿದ ಪದ ಹಾಡಿದವರ ಹತ್ತಿರ ವಾಪಸು ಬರುವುದಿಲ್ಲ ಎನ್ನುತ್ತಿದ್ದರು. ರೆಕಾರ್ಡಿನ ದಿನ ಭೂತಮ್ಮ ಮೊದಲ ಸಾಲು ಹೇಳಿ ನಿಂತಿದ್ದಳು. ಟೇಪು ಸುಮ್ಮನೆ ಓಡುತ್ತಿದೆಯೆಂದು ಗುಂಡಯ್ಯ ಕೈಸನ್ನೆಯಲ್ಲೇ ಅವಸರ ಮಾಡಿದ್ದ. ಅವಳು ನಿಂತ ಜಾಗವನ್ನು ಆಮೇಲೆ ಹಾಸನದಲ್ಲಿ ಕತ್ತರಿಸಿ ತೆಗೆಸಿದ್ದ.

"ಹಾಕ್ತೀನಿ, ಕೇಳು. ಇವತ್ತಿಗೂ ಗಂಟೆ ಹೊಡ್ದಂಗೈತೆ," ಎಂದು ಪೆನ್‌ಡ್ರೈವ್ ಸಿಕ್ಕಿಸಿದ.

ಭೂತಮ್ಮನ ದನಿ ಮಂಜಿನೊಳಗೆ ನೆಟ್ಟಗೆ ಹೋಯಿತು. ಒಂದು ಸಾಲು. ಆಮೇಲೆ ನಿಂತಿತು.

"ಹ್ಯಾಂಗ್ ಆಯ್ತು," ಎಂದ ವಸಂತ.

ಗುಂಡಯ್ಯ ಬಗ್ಗಿ ನೋಡಿದ. ಪೆಟ್ಟಿಗೆಯ ಮೇಲಿನ ಸಮಯದ ಅಂಕಿಗಳು ಓಡುತ್ತಲೇ ಇದ್ದವು. ಪೆಟ್ಟಿಗೆಯಿಂದ ಸಣ್ಣಗೆ ಉಸಿರಾಡುವುದು ಕೇಳಿಸಿತು. ಬಳೆ ಸರಿದ ಸದ್ದು. ಯಾರೋ ಕಾಲು ಬದಲಿಸಿ ಕುಳಿತರು. ಒಂದು ಒಣ ಕೆಮ್ಮು. ಅದು ಭೂತಮ್ಮನದೆಂದು ಗುಂಡಯ್ಯನಿಗೂ ಮಾರಮ್ಮನಿಗೂ ಗೊತ್ತಾಯಿತು. ಗುಂಡಯ್ಯ ಸದ್ದು ತಗ್ಗಿಸಿದ. ಉಸಿರು ತಗ್ಗಲಿಲ್ಲ.

"ಇದು ಇದ್ರಲ್ಲಿಲ್ಲ," ಎಂದ. "ಇದನ್ನ ನಾನೇ ತೆಗೆಸಿದ್ದೆ. ಸಾವಿರ ಮದುವೇಲಿ ಹಾಕಿದ್ದೀನಿ, ಮಾರಾಯ, ಇದು ಇರ್ಲಿಲ್ಲ."

ಕಣದಲ್ಲಿ ಮಲಗಿದ್ದ ನಾಯಿ ಎದ್ದು ಹಿತ್ತಿಲಿಗೆ ಹೋಯಿತು. ಪೆಟ್ಟಿಗೆಯೊಳಗಿನವರಿಗೆ ಅವಸರವೇನೂ ಇದ್ದಂತಿರಲಿಲ್ಲ.

ಕೊನೆಗೆ ಗುಂಡಯ್ಯನೇ, "ಎಲೆ ಐತೇನವ್ವ ಮನೇಲಿ?" ಎಂದು ನವ್ಯಶ್ರೀಯನ್ನು ಕೇಳಿದ. ಅವಳು ತಟ್ಟೆ ತಂದಳು. ಅವನು ಅದರಲ್ಲಿ ಎರಡು ಎಲೆ, ಒಂದು ಅಡಿಕೆ ಜೋಡಿಸಿ ಪೆಟ್ಟಿಗೆಯ ಮುಂದೆ ಇಟ್ಟ. ಉಸಿರು ಹಾಗೆಯೇ ಇತ್ತು.

"ಪೆಟ್ಟಿಗೆಗೆ ಕೈ ಐತೇನೋ ತಕ್ಕಳಕ್ಕೆ?" ಎಂದಳು ಮಾರಮ್ಮ.

"ಅವಳ ಪರವಾಗಿ ನೀನೇ ತಕ್ಕೊ ಮಾರಕ್ಕ. ಕೈ ಮುಗೀತೀನಿ."

"ಅವಳದ್ದು ನಾನ್ ಮುಟ್ಟಂಗಿಲ್ಲ. ನಂದು ಬೇರೆ ಇಡು."

ಅವನು ಬೇರೆ ಇಟ್ಟ. ಮಾರಮ್ಮ ಗೋರೆಯನ್ನು ಗೋಡೆಗೊರಗಿಸಿ, ಕೈ ಸೆರಗಿಗೆ ಒರೆಸಿ, ಪೆಟ್ಟಿಗೆಯ ಪಕ್ಕ ಚಕ್ಕಳಮಕ್ಕಳ ಕುಳಿತಳು. ಎಲೆಯನ್ನು ಕಣ್ಣಿಗೊತ್ತಿಕೊಂಡು ಬಾಯಿ ತೆರೆದಳು.

ಸೊಲ್ಲು ಬಂತು. ಒರಟಾಗಿ, ತುಕ್ಕು ಹಿಡಿದ ಚಿಲಕ ತೆಗೆದ ಹಾಗೆ, ಆದರೆ ಪೂರ್ತಿ ಬಂತು. ಅವಳು ಮುಗಿಸಿದ ಕೂಡಲೇ ಪೆಟ್ಟಿಗೆಯಿಂದ ಭೂತಮ್ಮ ಎರಡನೆಯ ಸಾಲು ಹೇಳಿದಳು. ಮತ್ತೆ ಮಾರಮ್ಮ. ಮತ್ತೆ ಭೂತಮ್ಮ. ಪೆಟ್ಟಿಗೆಯಲ್ಲಿ ಸೊಲ್ಲು ಹಿಡಿಯುತ್ತಿದ್ದುದು ಈಗ ಇಂದ್ರಮ್ಮ ಒಬ್ಬಳೇ. ಮಾರಮ್ಮನ ದನಿಯಿದ್ದ ಜಾಗ ಬರಿದಾಗಿತ್ತು. ನವ್ಯಶ್ರೀ ಕಣ್ಣೊರೆಸಿಕೊಂಡಳು. ವಸಂತ ಫೋನನ್ನು ಯಾವಾಗಲೋ ಜೇಬಿಗೆ ಹಾಕಿದ್ದ.

ಪದ ಮುಗಿದ ಮೇಲೆ ಗುಂಡಯ್ಯ ವೈರು ಕಿತ್ತು ಸುತ್ತಿಕೊಂಡ. ಪೆಟ್ಟಿಗೆಯನ್ನು ಎತ್ತಿಕೊಳ್ಳಲಿಲ್ಲ.

"ಮದುವೆಗೆ ಬೇರೇದು ತತ್ತೀನಿ. ಇದು ಇಲ್ಲೇ ಇರ್ಲಿ."

"ಇರ್ಲಿ. ಮೊದ್ಲ ಸಾಲು ನಂಗೆ ಬರಲ್ಲ, ಅವಳೇ ಹೇಳ್ಬೇಕು," ಎಂದಳು ಮಾರಮ್ಮ. "ಹಸೆ ಪಕ್ಕ ಚಾಪೆ ಹಾಸಿ ಕೂರಿಸ್ತೀನಿ."

"ಅವಳ ವೀಳ್ಯ?"

"ಅದು ನಿನ್ ಸಾಲ, ಹಂಗೇ ನಿಂತೈತೆ," ಎಂದು ಮಾರಮ್ಮ ಗೋರೆ ಎತ್ತಿಕೊಂಡಳು. ಹಣ್ಣು ಕೆದಕುವ ಹೊತ್ತು ಮೀರಿತ್ತು. ಗುಂಡಯ್ಯ ಕಣ ಸುತ್ತಿ ರಸ್ತೆಗಿಳಿಯುವ ಮುಂಚೆ ಒಮ್ಮೆ ತಿರುಗಿ ನೋಡಿದ. ಭೂತಮ್ಮನ ಎಲೆ ತಟ್ಟೆಯಲ್ಲೇ ಇತ್ತು.