ದುಂಡು ಪತ್ರಿಕೆಗೊಂದು ಚೌಕ ಪೆಟ್ಟಿಗೆ

ನೋವಿ ಸಾದ್ ನಗರದ ಗ್ರಂಥಾಲಯದ ಪತ್ರಿಕೆಗಳ ಉಗ್ರಾಣಕ್ಕೆ ರಾದೋಯೆಯೇ ಮುಖ್ಯಸ್ಥ. ಅವತ್ತು ಕಪಾಟಿನಿಂದ ಉರುಳಿ ಅವನ ಬೋಳುತಲೆಯ ಮೇಲೆ ಬಿದ್ದ ಪತ್ರಿಕೆಗೂ ಅವನೇ ಸಂಪಾದಕ. ಹರೆಯದಲ್ಲಿ ಗೆಳೆಯರೊಡನೆ ಹೊರತಂದ ಕವನಪತ್ರಿಕೆ ಅದು. ತಟ್ಟೆಯಂತೆ ದುಂಡಗೆ ಕತ್ತರಿಸಿ, ಮುಖಪುಟದಲ್ಲಿ 'ನಾವು ಯಾವ ಕಪಾಟಿಗೂ ಒಗ್ಗುವವರಲ್ಲ!' ಎಂದು ಅಚ್ಚು ಹಾಕಿಸಿದ್ದರು. ಅವರೆಲ್ಲರಲ್ಲಿ ಮಾತು ಉಳಿಸಿಕೊಂಡದ್ದು ಪತ್ರಿಕೆಯೊಂದೇ. ಅಚ್ಚಾದದ್ದನ್ನೆಲ್ಲ ಇಲ್ಲಿ ಕಾಪಾಡಲೇಬೇಕೆಂಬ ಕಾನೂನು ಇರದಿದ್ದರೆ ಅದು ಎಂದೋ ರದ್ದಿಗೆ ಹೋಗುತ್ತಿತ್ತು.

"ಏನಪ್ಪಾ ಕ್ರಾಂತಿಕಾರಿ, ಇದಕ್ಕೊಂದು ಗತಿ ಕಾಣಿಸು," ಎಂದಳು ಜೊತೆಯಲ್ಲಿ ಕೆಲಸ ಮಾಡುವ ಹಿರಿಯಳು ಸ್ಲಾವೊಯ್ಕಾ.

ರಾದೋಯೆ ಅಂಗಿಯ ತೋಳು ಮಡಚಿ ಕೂತ. ಕಾಗದ ಕೆಡಿಸದ ದಪ್ಪ ರಟ್ಟು ತಂದು, ಪತ್ರಿಕೆ ಅಲುಗದಂತೆ ಒಳಗೆ ದುಂಡನೆಯ ಗುಳಿ ಕೊರೆದು, ಹೊರಗೆ ಬಟ್ಟೆ ಅಂಟಿಸಿ, ಸಂಜೆಯೊಳಗೆ ಚೌಕ ಪೆಟ್ಟಿಗೆ ಮಾಡಿ ಮುಗಿಸಿದ. ಅದು ಕಪಾಟಿನಲ್ಲಿ ಹೇಳಿ ಮಾಡಿಸಿದ ಹಾಗೆ ಕೂತಿತು. ಕವನ ಬರೆದಾಗಲೂ ಇಷ್ಟು ಹೆಮ್ಮೆ ಅವನಿಗೆ ಆಗಿರಲಿಲ್ಲ.

ಸ್ಲಾವೊಯ್ಕಾ ಮುಚ್ಚಳ ತೆಗೆದು ಒಂದು ಕವನ ಓದಿದಳು. ಮೆಲ್ಲಗೆ ಮತ್ತೆ ಮುಚ್ಚಿದಳು.

"ಎಷ್ಟು ಚೆಂದದ ಪೆಟ್ಟಿಗೆ ಕಣೋ! ಒಳಗೆ ಏನಾದ್ರೂ ಒಳ್ಳೇದು ಇಡಬಹುದಿತ್ತು."

"ನಾನೂ ಅದನ್ನೇ ಯೋಚಿಸ್ತಿದ್ದೆ, ಅಕ್ಕಾ," ಎಂದ ರಾದೋಯೆ.